ಮೇಲ್‌ವೆಲೋಪ್ ಕೈಕೊಟ್ಟರೆ: ಕಿತ್ತುಹಾಕುವ ಮೊದಲು ನೋಡಬೇಕಾದ್ದು

ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ, ಅಂದರೆ ಎಕ್ಸ್‌ಟೆನ್ಶನ್, ಕೆಟ್ಟರೆ ಎಲ್ಲರೂ ಹೇಳುವ ಮದ್ದು ಒಂದೇ: ತೆಗೆದು ಮತ್ತೆ ಹಾಕಿ. ಕುಶಾಲನಗರದ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದರೂ ಅದೇ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣನ ಮಗನಿಗೆ ಫೋನ್ ಮಾಡಿದರೂ ಅದೇ. ಬೇರೆಯವರು ಓದಲಾಗದಂತೆ ಮೇಲ್‌ಗೆ ಬೀಗ ಹಾಕುವ, ಅಂದರೆ ಎನ್‌ಕ್ರಿಪ್ಟ್ ಮಾಡುವ, ಮೇಲ್‌ವೆಲೋಪ್ ಎಂಬ ಎಕ್ಸ್‌ಟೆನ್ಶನ್‌ಗೆ ಮಾತ್ರ ಈ ಮದ್ದೇ ವಿಷ. ನಿಮಗೆ ಬಂದ ಪತ್ರದ ಬೀಗ ತೆಗೆಯುವ ಖಾಸಗಿ ಕೀಲಿ ಇರುವುದು ಆ ಎಕ್ಸ್‌ಟೆನ್ಶನ್ ಬ್ರೌಸರ್‌ನಲ್ಲಿ ಇಟ್ಟುಕೊಂಡಿರುವ ಜಾಗದಲ್ಲೇ. ಎಕ್ಸ್‌ಟೆನ್ಶನ್ ತೆಗೆದರೆ ಕೀಲಿಯೂ ಹೋಯಿತು. ಆ ಕೀಲಿಗೆ ಬಂದಿದ್ದ ಹಳೆಯ ಪತ್ರಗಳನ್ನು ಮುಂದೆ ಯಾರೂ ಬಿಡಿಸಲಾರರು. ಮೇಲ್‌ವೆಲೋಪ್ ತಯಾರಿಸಿದವರೂ ಬಿಡಿಸಲಾರರು, ಜಿಮೇಲೂ ಬಿಡಿಸದು.

ಜಿಮೇಲ್, ಔಟ್‌ಲುಕ್ ಅಥವಾ ಸ್ವಂತ ಡೊಮೇನಿನ ವೆಬ್‌ಮೇಲ್ ಜೊತೆ ಮೇಲ್‌ವೆಲೋಪ್ ಬಳಸುವವರಿಗಾಗಿ ಇದು. ಕೊಡಗಿನಲ್ಲಿ ಇದರ ಅಗತ್ಯ ಮುಖ್ಯವಾಗಿ ಎರಡು ಕಡೆ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕೊಡಬೇಕಾದ ಹೋಂಸ್ಟೇಯವರಿಗೆ ಪಾಸ್‌ಪೋರ್ಟ್ ಪ್ರತಿಗಳು ಮೇಲ್‌ನಲ್ಲೇ ಬರುತ್ತವೆ. ತೋಟದವರಿಗೂ ಕಾಫಿ ಕೊಳ್ಳುವವರಿಗೂ ನಡುವೆ ಬ್ಯಾಂಕ್ ಖಾತೆಯ ವಿವರ ಓಡಾಡುತ್ತದೆ. ಎರಡೂ ತಪ್ಪು ಕೈಗೆ ಸಿಗಬಾರದಂಥವು.

ಮೊದಲು ಕೀಲಿಯ ಪ್ರತಿ

ಏನೇ ತೊಂದರೆ ಇರಲಿ, ಕೈ ಹಾಕುವ ಮೊದಲು ಇದನ್ನು ಮಾಡಿ. ಬ್ರೌಸರ್‌ನ ಮೇಲಿನ ಪಟ್ಟಿಯಲ್ಲಿರುವ ಮೇಲ್‌ವೆಲೋಪ್ ಚಿಹ್ನೆ ಒತ್ತಿ ಕೀರಿಂಗ್‌ಗೆ, ಅಂದರೆ ಕೀಲಿಗಳ ಪಟ್ಟಿಗೆ, ಹೋಗಿ. ನಿಮ್ಮ ಹೆಸರಿನ ಕೀಲಿ ತೆರೆದು ಎಕ್ಸ್‌ಪೋರ್ಟ್ ಒತ್ತಿ. ಸಾರ್ವಜನಿಕ, ಖಾಸಗಿ, ಎರಡೂ ಎಂಬ ಆಯ್ಕೆಗಳು ಬರುತ್ತವೆ. ‘ಎರಡೂ’ ಆರಿಸಿ ಉಳಿಸಿ. ಎಎಸ್‌ಸಿ ಎಂದು ಕೊನೆಯಾಗುವ ಒಂದು ಸಣ್ಣ ಕಡತ ಸಿಗುತ್ತದೆ. ಸಾರ್ವಜನಿಕ ಕೀಲಿ ಎಂದರೆ ಬೇರೆಯವರು ನಿಮಗೆ ಬರೆಯುವ ಪತ್ರಕ್ಕೆ ಬೀಗ ಹಾಕಲು ಬಳಸುವಂಥದ್ದು; ಅದನ್ನು ಅವರಿಗೆ ಕಳುಹಿಸಬೇಕಾದಾಗ ಮಾತ್ರ ‘ಸಾರ್ವಜನಿಕ’ ಆರಿಸಬೇಕು. ಇಲ್ಲಿ ಎಡವಿ ಖಾಸಗಿ ಕೀಲಿಯನ್ನೇ ಗಿರಾಕಿಗೆ ಕಳುಹಿಸಿದವರಿದ್ದಾರೆ. ಹಾಗಾದರೆ ಆ ಕೀಲಿಯನ್ನು ರದ್ದು ಮಾಡಿ ಹೊಸದು ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ.

ಆ ಕಡತವನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ. ನಿಮಗೆ ನೀವೇ ಮೇಲ್ ಮಾಡಿಕೊಳ್ಳಬೇಡಿ. ಯಾವ ಮೇಲ್ ಪೆಟ್ಟಿಗೆಯಿಂದ ಪತ್ರ ಕಾಪಾಡಬೇಕೋ ಅದರೊಳಗೇ ಕೀಲಿ ಇಟ್ಟಂತಾಗುತ್ತದೆ. ಕಾಗದದ ಪ್ರತಿಯೂ ಇದ್ದರೆ ಒಳ್ಳೆಯದು. ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮುದ್ರಿಸಿದರೆ ಆಯಿತು. ಎಲಿಪ್ಟಿಕ್ ಕರ್ವ್ ಬಗೆಯ ಕೀಲಿಯಾದರೆ ಇಪ್ಪತ್ತು ಸಾಲಿನ ಆಸುಪಾಸು. ಕೊನೆಗೆ ಕೈಯಲ್ಲೇ ಟೈಪ್ ಮಾಡಿ ಮರಳಿ ಪಡೆಯಬಹುದು. 4096 ಬಿಟ್‌ನ ಆರ್‌ಎಸ್‌ಎ ಆದರೆ ನೂರು ಸಾಲು ದಾಟುತ್ತದೆ, ಟೈಪ್ ಮಾಡುವ ಆಸೆ ಬಿಡಿ. ಇಂಕ್‌ಜೆಟ್ ಮುದ್ರಣ ಬೇಡ. ನಮ್ಮ ಮಳೆಗಾಲದ ತೇವಕ್ಕೆ ಆ ಶಾಯಿ ಹರಡುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಲೇಸರ್ ಪ್ರಿಂಟ್ ತೆಗೆಸಿ, ಜಿಪ್ ಕವರ್‌ನಲ್ಲಿ ಹಾಕಿ, ಒಂದು ಪ್ರತಿಯನ್ನು ಮನೆಯಿಂದ ಹೊರಗೆ, ಬ್ಯಾಂಕ್ ಲಾಕರಿನಲ್ಲೋ ಮೈಸೂರಿನ ನಂಟರಲ್ಲೋ ಇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆಯ ಜೊತೆಗೇ ಕಾಗದಪತ್ರವೂ ಹೋದದ್ದು ಇಲ್ಲಿ ಯಾರಿಗೂ ಮರೆತಿಲ್ಲ.

ಕೀಲಿಯ ಪಾಸ್‌ವರ್ಡ್ ಆ ಕಾಗದದಲ್ಲಿ ಇರಬಾರದು.

ತೊಂದರೆ ಯಾವ ಕಡೆ?

ಅರ್ಧ ದಿನದ ಒದ್ದಾಟ ತಪ್ಪಿಸುವ ಪರೀಕ್ಷೆ ಇದು. ವೆಬ್‌ಮೇಲ್ ಮುಚ್ಚಿ. ಮೇಲ್‌ವೆಲೋಪ್ ಡ್ಯಾಶ್‌ಬೋರ್ಡ್‌ನ ಎನ್‌ಕ್ರಿಪ್ಟ್ ಪುಟಕ್ಕೆ ಹೋಗಿ ಒಂದು ಸಾಲು ಬರೆಯಿರಿ. ಯಾರಿಗೆ ಎಂಬಲ್ಲಿ ನಿಮ್ಮದೇ ವಿಳಾಸ ಕೊಡಿ. ಬಂದ ಗಜಿಬಿಜಿ ಅಕ್ಷರಗಳನ್ನು ಪೂರ್ತಿ ನಕಲಿಸಿ ಡಿಕ್ರಿಪ್ಟ್ ಪುಟದಲ್ಲಿ ಅಂಟಿಸಿ, ಪಾಸ್‌ವರ್ಡ್ ಕೊಡಿ. ಬರೆದ ಸಾಲು ಹಾಗೇ ಮರಳಿ ಬಂದರೆ ಕೀಲಿಯೂ ಪಾಸ್‌ವರ್ಡೂ ಸರಿಯಿವೆ. ಲೋಪ ಇರುವುದು ವೆಬ್‌ಮೇಲ್ ಪುಟಕ್ಕೂ ಎಕ್ಸ್‌ಟೆನ್ಶನ್‌ಗೂ ನಡುವೆ, ಅಥವಾ ಬಂದ ಪತ್ರದಲ್ಲೇ. ಬರದಿದ್ದರೆ ವೆಬ್‌ಮೇಲ್ ಸೆಟ್ಟಿಂಗ್ ಎಷ್ಟು ತಿರುಚಿದರೂ ಪ್ರಯೋಜನವಿಲ್ಲ.

ಈ ಪುಟವೇ ತುರ್ತು ದಾರಿಯೂ ಹೌದು. ಜಿಮೇಲ್‌ನಲ್ಲಿ ಗುಂಡಿ ಕಾಣದಿದ್ದರೂ ಇಲ್ಲಿ ಎನ್‌ಕ್ರಿಪ್ಟ್ ಮಾಡಿ, ನಕಲಿಸಿ, ಸಾಮಾನ್ಯ ಮೇಲ್‌ನಲ್ಲಿ ಅಂಟಿಸಿ ಕಳುಹಿಸಿದರೆ ಕೆಲಸ ನಡೆಯುತ್ತದೆ.

ವೆಬ್‌ಮೇಲ್‌ನಲ್ಲಿ ಗುಂಡಿಯೇ ಕಾಣುವುದಿಲ್ಲ

ಹೆಚ್ಚಿನವರ ದೂರು ಇದು. ಕಾರಣ ಸಾಮಾನ್ಯವಾಗಿ ಸಣ್ಣದೇ.

ಜಿಮೇಲ್ ಟ್ಯಾಬನ್ನು ವಾರಗಟ್ಟಲೆ ಮುಚ್ಚದೆ ಇಡುವ ಅಭ್ಯಾಸ ಇದೆಯೇ? ಎಕ್ಸ್‌ಟೆನ್ಶನ್ ತನ್ನಷ್ಟಕ್ಕೆ ಅಪ್‌ಡೇಟ್ ಆದಾಗ ತೆರೆದಿರುವ ಹಳೆಯ ಟ್ಯಾಬ್‌ನೊಂದಿಗಿನ ಸಂಬಂಧ ಕಡಿಯುತ್ತದೆ. ಪುಟವನ್ನು ಒಮ್ಮೆ ರಿಲೋಡ್ ಮಾಡಿ. ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಮುಗಿಯದಿದ್ದರೆ ಅನುಮತಿ ನೋಡಿ. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್‌ಗಳ ಪುಟಕ್ಕೆ ಹೋಗಿ ಮೇಲ್‌ವೆಲೋಪ್‌ನ ವಿವರ ತೆರೆದರೆ, ಅದು ಯಾವ ಜಾಲತಾಣದ ಮಾಹಿತಿ ಓದಬಹುದು ಎಂಬ ಸೆಟ್ಟಿಂಗ್ ಇರುತ್ತದೆ. ‘ಕ್ಲಿಕ್ ಮಾಡಿದಾಗ ಮಾತ್ರ’ ಎಂದಿದ್ದರೆ ಗುಂಡಿ ತಾನಾಗಿ ಮೂಡದು. ನಿಮ್ಮ ವೆಬ್‌ಮೇಲ್ ವಿಳಾಸವನ್ನು ಅಲ್ಲಿ ಸೇರಿಸಿ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮೇಲ್ ತೆರೆಯುವವರು ಅದಕ್ಕೆ ಬೇರೆಯಾಗಿ ಒಪ್ಪಿಗೆ ಕೊಡಬೇಕು. ಫೈರ್‌ಫಾಕ್ಸ್‌ನ ಪ್ರೈವೇಟ್ ಕಿಟಕಿಗೂ ಇದೇ ಮಾತು.

ಮೂರನೆಯದು ಸ್ವಂತ ಡೊಮೇನಿನವರಿಗೆ. ಮೇಲ್‌ವೆಲೋಪ್ ಎಲ್ಲ ಪುಟಗಳಲ್ಲೂ ಕೆಲಸ ಮಾಡುವುದಿಲ್ಲ, ತನ್ನ ಪಟ್ಟಿಯಲ್ಲಿರುವ ಡೊಮೇನ್‌ಗಳಲ್ಲಿ ಮಾತ್ರ. ಜಿಮೇಲ್, ಔಟ್‌ಲುಕ್‌ನಂಥ ದೊಡ್ಡವು ಮೊದಲೇ ಇರುತ್ತವೆ. ನಿಮ್ಮ ಹೋಂಸ್ಟೇ ಹೆಸರಿನ ಡೊಮೇನ್ ಇರುವುದಿಲ್ಲ. ಹೋಸ್ಟಿಂಗ್‌ನವರು ಕೊಡುವ ವೆಬ್‌ಮೇಲ್ ಪುಟ ತೆರೆದು ಲಾಗಿನ್ ಆಗಿ, ಆ ಟ್ಯಾಬ್‌ನಲ್ಲಿದ್ದುಕೊಂಡೇ ಮೇಲ್‌ವೆಲೋಪ್ ಚಿಹ್ನೆ ಒತ್ತಿದರೆ ಈ ಡೊಮೇನ್‌ಗೆ ಒಪ್ಪಿಗೆ ಕೊಡುವ ಆಯ್ಕೆ ಕಾಣುತ್ತದೆ. ಒಪ್ಪಿ, ಉಳಿಸಿ, ಪುಟ ರಿಲೋಡ್ ಮಾಡಿ. ಸಿಪ್ಯಾನೆಲ್ ಎಂಬ ನಿರ್ವಹಣಾ ತಂತ್ರಾಂಶ ಬಳಸುವ ಹೋಸ್ಟಿಂಗ್‌ಗಳಲ್ಲಿ ವೆಬ್‌ಮೇಲ್ ವಿಳಾಸದ ಕೊನೆಗೆ 2096 ಎಂಬ ಪೋರ್ಟ್ ಸಂಖ್ಯೆ ಇರುತ್ತದೆ. ಪೋರ್ಟ್ ಇಲ್ಲದ ವಿಳಾಸಕ್ಕೆ ಒಪ್ಪಿಗೆ ಕೊಟ್ಟು, ಪೋರ್ಟ್ ಇರುವ ಪುಟದಲ್ಲಿ ಕೆಲಸ ಮಾಡಲು ಹೊರಟರೆ ಗೊಂದಲವಾಗುತ್ತದೆ. ಆದ್ದರಿಂದ ದಿನವೂ ಬಳಸುವ ವಿಳಾಸದಿಂದಲೇ ಒಪ್ಪಿಗೆ ಕೊಡಿ.

ಆ ವೆಬ್‌ಮೇಲ್ ರೌಂಡ್‌ಕ್ಯೂಬ್ ಆಗಿದ್ದರೆ ಇನ್ನೊಂದು ಎಚ್ಚರ. ರೌಂಡ್‌ಕ್ಯೂಬ್‌ಗೆ ಎನಿಗ್ಮಾ ಎಂಬ ತನ್ನದೇ ಎನ್‌ಕ್ರಿಪ್ಷನ್ ಪ್ಲಗಿನ್ ಉಂಟು. ಅದು ಖಾಸಗಿ ಕೀಲಿಯನ್ನು ಸರ್ವರ್‌ನಲ್ಲಿ ಇಡುತ್ತದೆ. ಮೇಲ್‌ವೆಲೋಪ್ ನಿಮ್ಮ ಕಂಪ್ಯೂಟರ್‌ನಲ್ಲೇ ಇಡುತ್ತದೆ. ಎರಡನ್ನೂ ಒಟ್ಟಿಗೆ ನಡೆಸಿದರೆ ಯಾವ ಕಿಟಕಿ ಯಾರದ್ದು ಎಂದು ತಿಳಿಯದಾಗುತ್ತದೆ. ಹೋಸ್ಟಿಂಗ್‌ನವರ ಕೈಗೆ ಕೀಲಿ ಸಿಗಬಾರದು ಎನ್ನುವವರು ಎನಿಗ್ಮಾ ಮುಟ್ಟದಿರುವುದೇ ಸರಿ.

ಕ್ರೋಮ್ ಪುಟವನ್ನು ತಾನಾಗಿ ಕನ್ನಡಕ್ಕೆ ಅನುವಾದಿಸುತ್ತಿದ್ದರೆ ವೆಬ್‌ಮೇಲ್ ಮಟ್ಟಿಗೆ ಅದನ್ನು ನಿಲ್ಲಿಸಿ. ಅನುವಾದಕ ಪುಟದ ಅಕ್ಷರಗಳನ್ನೇ ಬದಲಿಸುತ್ತದೆ. ಎನ್‌ಕ್ರಿಪ್ಟ್ ಆದ ಪಠ್ಯದಲ್ಲಿ ಒಂದು ಅಕ್ಷರ ಬದಲಾದರೂ ಪತ್ರ ಬಿಡಿಸಲು ಬರುವುದಿಲ್ಲ.

ಪಾಸ್‌ವರ್ಡ್ ತಪ್ಪು ಎನ್ನುತ್ತಿದೆ, ಆದರೆ ತಪ್ಪಿಲ್ಲ

ಕನ್ನಡಿಗರ ಕಂಪ್ಯೂಟರ್‌ಗೇ ವಿಶೇಷವಾದ ತೊಂದರೆ ಇದು, ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗದು. ನುಡಿ ಅಥವಾ ಬರಹ ಹಿಂದೆ ಓಡುತ್ತಿದ್ದು ಕೀಬೋರ್ಡ್ ಕನ್ನಡದಲ್ಲೇ ಇದ್ದರೆ ಪಾಸ್‌ವರ್ಡ್ ಡಬ್ಬದಲ್ಲಿ ಚುಕ್ಕೆಗಳು ಮಾತ್ರ ಕಾಣುವುದರಿಂದ ಏನು ಬೀಳುತ್ತಿದೆ ಎಂದು ಗೊತ್ತಾಗುವುದಿಲ್ಲ. ನೋಟ್‌ಪ್ಯಾಡ್ ತೆರೆದು ನಾಲ್ಕು ಅಕ್ಷರ ಒತ್ತಿ ನೋಡಿ. ವಿಂಡೋಸ್‌ನ ಕನ್ನಡ ಕೀಬೋರ್ಡ್ ಆದರೆ ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಪಾಸ್‌ವರ್ಡನ್ನೇ ಕನ್ನಡದಲ್ಲಿ ಇಡುವ ಆಸೆ ಹಲವರಿಗೆ. ಬೇಡ. ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಎರಡು ಬೇರೆ ಪಾಸ್‌ವರ್ಡ್. ಅರ್ಧಾಕ್ಷರದ ನಂತರ ಕೆಲವು ಕೀಬೋರ್ಡ್‌ಗಳು ಕಾಣದ ಒಂದು ಸಂಕೇತ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಇವತ್ತು ಲ್ಯಾಪ್‌ಟಾಪ್‌ನಲ್ಲಿ ತೆರೆದ ಕೀಲಿ ನಾಳೆ ಫೋನಿನಲ್ಲಿ ತೆರೆಯದೇ ಹೋಗಬಹುದು. ಕನ್ನಡದ ನಾಲ್ಕೈದು ಸಂಬಂಧವಿಲ್ಲದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಿ. ಗಟ್ಟಿಯೂ ಹೌದು, ನೆನಪಿನಲ್ಲೂ ಉಳಿಯುತ್ತದೆ.

ನಿಜವಾಗಿಯೂ ಮರೆತಿದ್ದರೆ? ಕೀಲಿ ಸತ್ತಂತೆ. ‘ಪಾಸ್‌ವರ್ಡ್ ಮರೆತಿರಾ’ ಎಂಬ ಕೊಂಡಿ ಇಲ್ಲಿಲ್ಲ.

ಬಂದ ಪತ್ರ ಬಿಡಿಸಲು ಬರುವುದಿಲ್ಲ

ಸರಿಯಾದ ಪತ್ರ ಹೇಗಿರುತ್ತದೆ ಎಂದು ಮೊದಲು ಕಣ್ಣಿಗೆ ಅಭ್ಯಾಸವಾಗಬೇಕು. ಮೇಲೆ ಐದು ಅಡ್ಡಗೆರೆ, ‘ಬಿಗಿನ್ ಪಿಜಿಪಿ ಮೆಸೇಜ್’, ಮತ್ತೆ ಐದು ಅಡ್ಡಗೆರೆ. ಒಂದು ಖಾಲಿ ಸಾಲು. ನಂತರ ಅಕ್ಷರ–ಅಂಕಿಗಳ ರಾಶಿ. ಹೆಚ್ಚಾಗಿ ಕೊನೆಗೆ ಸಮ ಚಿಹ್ನೆಯಿಂದ ಶುರುವಾಗುವ ಪುಟ್ಟ ಸಾಲು. ಅದು ನಡುವೆ ಅಕ್ಷರ ಕೆಟ್ಟಿದೆಯೇ ಎಂದು ನೋಡುವ ತಾಳೆಪಟ್ಟಿ. ಕೆಳಗೆ ‘ಎಂಡ್ ಪಿಜಿಪಿ ಮೆಸೇಜ್’. ಮೇಲಿನ ಖಾಲಿ ಸಾಲು ಅಳಿದರೂ ತೊಂದರೆ, ಅಡ್ಡಗೆರೆ ಐದರ ಬದಲು ನಾಲ್ಕಾದರೂ ತೊಂದರೆ, ನಕಲಿಸುವಾಗ ಕೊನೆಯ ಸಾಲು ಬಿಟ್ಟರೂ ತೊಂದರೆ.

ಕೊನೆಯ ಸಾಲು ಕಾಣದಿದ್ದರೆ ಜಿಮೇಲ್ ಪತ್ರವನ್ನು ಕತ್ತರಿಸಿರಬಹುದು. 102 ಕೆಬಿ ದಾಟಿದ ಪತ್ರವನ್ನು ಅದು ಅರ್ಧಕ್ಕೆ ತೋರಿಸಿ, ಕೆಳಗೆ ಪೂರ್ತಿ ಪತ್ರ ನೋಡುವ ಕೊಂಡಿ ಇಡುತ್ತದೆ. ಆ ಕೊಂಡಿ ಒತ್ತಿ, ಅಲ್ಲಿಂದ ನಕಲಿಸಿ. ‘ಮೂಲ ತೋರಿಸು’ ಪುಟದಿಂದ ನಕಲಿಸುವವರಿಗೆ ಮತ್ತೊಂದು ಬಲೆ: ಅಲ್ಲಿ ಸಮ ಚಿಹ್ನೆಯ ಪಕ್ಕ 3ಡಿ ಎಂದು ಅಂಟಿಕೊಂಡಿರುವುದುಂಟು, ಉದ್ದ ಸಾಲುಗಳ ತುದಿಯಲ್ಲೂ ಒಂದು ಸಮ ಚಿಹ್ನೆ ಸೇರಿರುತ್ತದೆ. ಅದು ಮೇಲ್ ಸಾಗಿಸುವ ಸಂಕೇತ, ಪತ್ರದ ಭಾಗವಲ್ಲ. ಹಾಗೇ ಅಂಟಿಸಿದರೆ ತಾಳೆ ತಪ್ಪುತ್ತದೆ.

ಹಳೆಯ ಪತ್ರವನ್ನು ಉಲ್ಲೇಖವಾಗಿ ಇಟ್ಟು ಉತ್ತರಿಸಿದಾಗ ಪ್ರತಿ ಸಾಲಿನ ಮುಂದೆ ಬಾಣದ ಗುರುತು ಸೇರುತ್ತದೆ. ಗುರುತುಗಳನ್ನು ಒಂದೊಂದಾಗಿ ಅಳಿಸುವುದಕ್ಕಿಂತ ಕಳುಹಿಸಿದವರ ಮೊದಲ ಪತ್ರವನ್ನೇ ಹುಡುಕಿ ತೆರೆಯುವುದು ಬೇಗ.

ಪತ್ರದ ಮೈ ಖಾಲಿ, ವಿಷಯದ ಜಾಗದಲ್ಲಿ ಮೂರು ಚುಕ್ಕೆ, ಜೊತೆಗೆ ‘ಎನ್‌ಕ್ರಿಪ್ಟೆಡ್’ ಎಂಬ ಎಎಸ್‌ಸಿ ಕಡತ. ಹೀಗೆ ಬಂದರೆ ಕಳುಹಿಸಿದವರು ಬಹುಶಃ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಬಳಸುತ್ತಿದ್ದಾರೆ. 2020ರ 78ನೇ ಆವೃತ್ತಿಯಿಂದ ಥಂಡರ್‌ಬರ್ಡ್‌ನೊಳಗೇ ಓಪನ್‌ಪಿಜಿಪಿ, ಅಂದರೆ ಮೇಲ್‌ವೆಲೋಪ್ ಬಳಸುವ ಎನ್‌ಕ್ರಿಪ್ಷನ್ ಪದ್ಧತಿಯೇ, ಇದೆ. ಅದು ಪಿಜಿಪಿ ಮೈಮ್ ಎಂಬ ಬಗೆಯಲ್ಲಿ, ಅಂದರೆ ಪತ್ರ ಮತ್ತು ಲಗತ್ತುಗಳನ್ನೆಲ್ಲ ಒಂದೇ ಗಂಟು ಕಟ್ಟಿ ಕಳುಹಿಸುತ್ತದೆ. ಪುಟದಲ್ಲಿ ಅಕ್ಷರವೇ ಇಲ್ಲದ್ದರಿಂದ ಮೇಲ್‌ವೆಲೋಪ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ಜಿಮೇಲ್ ಆದರೆ ಮೇಲ್‌ವೆಲೋಪ್ ಸೆಟ್ಟಿಂಗ್‌ನಲ್ಲಿ ಜಿಮೇಲ್ ಇಂಟಿಗ್ರೇಶನ್ ಚಾಲೂ ಮಾಡಿ. ಗೂಗಲ್ ಒಪ್ಪಿಗೆ ಕೇಳುತ್ತದೆ, ಕೊಟ್ಟರೆ ಗಂಟು ತಾನಾಗಿ ಬಿಚ್ಚುತ್ತದೆ. ಬೇರೆ ವೆಬ್‌ಮೇಲ್ ಆದರೆ ಕಡತ ಇಳಿಸಿ, ನೋಟ್‌ಪ್ಯಾಡ್‌ನಲ್ಲಿ ತೆರೆದು, ಪೂರ್ತಿ ನಕಲಿಸಿ ಡಿಕ್ರಿಪ್ಟ್ ಪುಟದಲ್ಲಿ ಅಂಟಿಸಿ. ಇಂಥವರ ಜೊತೆ ದಿನಾ ವ್ಯವಹಾರ ಇದ್ದರೆ ನೀವೂ ಥಂಡರ್‌ಬರ್ಡ್‌ಗೆ ಹೋಗುವುದು ಒಳಿತು. ವೆಬ್‌ಮೇಲ್‌ಗೆ ಎಕ್ಸ್‌ಟೆನ್ಶನ್ ಅಂಟಿಸಿದ ವ್ಯವಸ್ಥೆಗೆ ಒಂದು ಮಿತಿ ಇದ್ದೇ ಇದೆ.

‘ಈ ಪತ್ರಕ್ಕೆ ಖಾಸಗಿ ಕೀಲಿ ಸಿಗಲಿಲ್ಲ’ ಎಂಬ ಸಂದೇಶ ಬಂದರೆ ಪತ್ರ ಕೆಟ್ಟಿಲ್ಲ. ಕಳುಹಿಸಿದವರ ಬಳಿ ನಿಮ್ಮ ಹಳೆಯ ಕೀಲಿ ಇದೆ. ಹಿಂದೊಮ್ಮೆ ಎಕ್ಸ್‌ಟೆನ್ಶನ್ ತೆಗೆದು ಮತ್ತೆ ಹಾಕಿ, ಹೊಸ ಕೀಲಿ ಮಾಡಿಕೊಂಡವರಿಗೆ ಇದು ತಪ್ಪದು. ಹೊಸ ಸಾರ್ವಜನಿಕ ಕೀಲಿ ಕಳುಹಿಸಿ, ಹಳೆಯದನ್ನು ಅಳಿಸಲು ಹೇಳಿ, ಪತ್ರ ಮತ್ತೊಮ್ಮೆ ಕಳುಹಿಸಲು ಕೇಳಿ. ಸಾರ್ವಜನಿಕ ಕೀಲಿಗಳನ್ನು ಎಲ್ಲರೂ ಹುಡುಕಬಹುದಾದ ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್ ಸರ್ವರ್‌ಗೆ ಹೊಸ ಕೀಲಿ ಏರಿಸಿದರಷ್ಟೇ ಸಾಲದು. ಅಲ್ಲಿಂದ ಬರುವ ದೃಢೀಕರಣದ ಮೇಲ್‌ನಲ್ಲಿರುವ ಕೊಂಡಿ ಒತ್ತಬೇಕು. ಒತ್ತದಿದ್ದರೆ ಮೇಲ್ ವಿಳಾಸ ಹಾಕಿ ಹುಡುಕಿದವರಿಗೆ ಆ ಕೀಲಿ ಸಿಗುವುದಿಲ್ಲ.

ನೀವೇ ಕಳುಹಿಸಿದ ಪತ್ರ ನಿಮಗೇ ಓದಲಾಗುತ್ತಿಲ್ಲವೇ? ಪಡೆಯುವವರ ಸಾಲಿನಲ್ಲಿ ನಿಮ್ಮ ಕೀಲಿಯೂ ಇರಬೇಕಿತ್ತು. ನಿಮ್ಮ ಕೀಲಿಯನ್ನು ಸದಾ ಸೇರಿಸುವ ಆಯ್ಕೆ ಸೆಟ್ಟಿಂಗ್‌ನಲ್ಲಿದೆಯೇ ನೋಡಿ, ಗುರುತು ಹಾಕಿಡಿ. ಹೋದ ಪತ್ರಕ್ಕೆ ಉಪಾಯವಿಲ್ಲ. ಅದನ್ನು ಪಡೆದವರೇ ನಿಮಗೆ ಮರಳಿ ಕಳುಹಿಸಬೇಕು.

ಕರೆಂಟು, ಗಡಿಯಾರ, ಕೀಲಿ

ಜುಲೈನಲ್ಲಿ ದಿನಗಟ್ಟಲೆ ಕರೆಂಟಿಲ್ಲದೆ ಮಲಗಿದ್ದ ಹಳೆಯ ಡೆಸ್ಕ್‌ಟಾಪ್ ಎದ್ದಾಗ ಅದರ ಗಡಿಯಾರ ಹಲವು ವರ್ಷ ಹಿಂದೆ ಹೋಗಿರಬಹುದು. ಮದರ್‌ಬೋರ್ಡ್‌ನಲ್ಲಿರುವ ಸಿಆರ್2032 ಬಿಲ್ಲೆ ಬ್ಯಾಟರಿ ಮುಗಿದದ್ದರ ಲಕ್ಷಣ ಅದು. ಆಗ ಮೊದಲು ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬ್ರೌಸರೇ ತಕರಾರು ತೆಗೆಯುತ್ತದೆ. ಕೆಲವೇ ಗಂಟೆ ಅಥವಾ ಒಂದು ದಿನದ ವ್ಯತ್ಯಾಸವಾದರೆ ಬ್ರೌಸರ್ ಸುಮ್ಮನಿರುತ್ತದೆ. ಇವತ್ತು ಮಾಡಿದ ಕೀಲಿಯೋ ಸಹಿಯೋ ಕಂಪ್ಯೂಟರ್‌ನ ಪಾಲಿಗೆ ಇನ್ನೂ ಹುಟ್ಟಿಲ್ಲದ್ದರಿಂದ ಮೇಲ್‌ವೆಲೋಪ್ ‘ಕೀಲಿ ಮಾನ್ಯವಲ್ಲ’ ಎನ್ನುತ್ತದೆ. ಬ್ಯಾಟರಿ ಬದಲಿಸಿ, ದಿನಾಂಕ ಮತ್ತು ಸಮಯ ವಲಯ ಸರಿಮಾಡಿ. ಕೀಲಿ ಮುಟ್ಟಬೇಡಿ.

ಗಡಿಯಾರ ಸರಿಯಿದ್ದೂ ಅದೇ ದೂರು ಬಂದರೆ ಕೀಲಿಯ ಅವಧಿ ಮುಗಿದಿದೆ. ಅವಧಿ ಮುಗಿದ ಕೀಲಿಯಿಂದ ಹಳೆಯ ಪತ್ರ ಓದಬಹುದು, ಹೊಸದಾಗಿ ಯಾರೂ ಅದಕ್ಕೆ ಎನ್‌ಕ್ರಿಪ್ಟ್ ಮಾಡಲಾರರು. ಕೀರಿಂಗ್‌ನಲ್ಲಿ ಅವಧಿ ಮುಂದಕ್ಕೆ ಹಾಕಿ, ಸಾರ್ವಜನಿಕ ಕೀಲಿಯನ್ನು ಮತ್ತೆ ಎಲ್ಲರಿಗೂ ಕಳುಹಿಸಿ. ಅವರ ಬಳಿ ಇರುವ ಪ್ರತಿಗೆ ಹೊಸ ತಾರೀಖು ತಾನಾಗಿ ತಿಳಿಯುವುದಿಲ್ಲ.

ನುಡಿಯಲ್ಲಿ ಬರೆದದ್ದು ಗಜಿಬಿಜಿ

ವಕೀಲರೋ ಬರಹಗಾರರೋ ಹಳೆಯ ನುಡಿಯಲ್ಲಿ ಟೈಪ್ ಮಾಡಿದ ಪತ್ರವನ್ನು ವರ್ಡ್‌ನಿಂದ ನಕಲಿಸಿ ಮೇಲ್‌ವೆಲೋಪ್ ಕಿಟಕಿಯಲ್ಲಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಎನ್‌ಕ್ರಿಪ್ಷನ್ ತಪ್ಪಲ್ಲ. ಹಳೆಯ ನುಡಿಯದ್ದು ಆಸ್ಕಿ ಫಾಂಟ್, ಅಂದರೆ ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ರೂಪ ಕೊಟ್ಟದ್ದು; ಅದರಲ್ಲಿ ಕನ್ನಡ ಇರುವುದು ಫಾಂಟ್‌ನ ವೇಷದಲ್ಲಿ ಮಾತ್ರ. ಮೇಲ್‌ವೆಲೋಪ್ ಬರೀ ಪಠ್ಯವನ್ನು ತೆಗೆದುಕೊಳ್ಳುತ್ತದೆ, ಫಾಂಟ್ ಕಳಚುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ. ಅಥವಾ ಪಿಡಿಎಫ್ ಮಾಡಿ, ಆ ಕಡತವನ್ನೇ ಎನ್‌ಕ್ರಿಪ್ಟ್ ಮಾಡಿ.

ಕಡತಗಳ ವಿಷಯದಲ್ಲಿ ಒಂದು ಕ್ರಮ ಮರೆಯಬಾರದು: ಜಿಮೇಲ್‌ನ ಕ್ಲಿಪ್ ಗುರುತಿನಿಂದ ಪಾಸ್‌ಪೋರ್ಟ್ ಲಗತ್ತಿಸಿ, ಪತ್ರವನ್ನು ಮಾತ್ರ ಎನ್‌ಕ್ರಿಪ್ಟ್ ಮಾಡಿದರೆ ಪಾಸ್‌ಪೋರ್ಟ್ ಬಯಲಲ್ಲೇ ಹೋಗುತ್ತದೆ. ಡ್ಯಾಶ್‌ಬೋರ್ಡ್‌ನ ಎನ್‌ಕ್ರಿಪ್ಟ್ ಪುಟದಲ್ಲಿ ಕಡತ ಸೇರಿಸಿ, ಹೊರಬಂದ ಹೊಸ ಕಡತವನ್ನು ಲಗತ್ತಿಸಿ. ಜಿಮೇಲ್‌ನ ಮಿತಿ 25 ಎಂಬಿ. ಸಾಗಿಸುವಾಗ ಕಡತ ಮೂರನೇ ಒಂದು ಪಾಲು ಉಬ್ಬುವುದರಿಂದ 15 ಎಂಬಿಯೊಳಗೆ ಇಟ್ಟುಕೊಳ್ಳಿ. ಸಿಗ್ನಲ್ ಒಂದು ಗೆರೆ ಇರುವ ಕಡೆ ಇನ್ನೂ ಚಿಕ್ಕದಾದರೆ ವಾಸಿ.

ಎಲ್ಲವೂ ಸರಿಯಿದ್ದೂ ಸೋರುವ ಜಾಗಗಳು

ವಿಷಯದ ಸಾಲನ್ನು ಮೇಲ್‌ವೆಲೋಪ್ ಮುಚ್ಚುವುದಿಲ್ಲ. ಯಾರಿಂದ, ಯಾರಿಗೆ, ಯಾವಾಗ ಎಂಬುದೂ ಕಾಣುತ್ತದೆ. ಒಳಗೆ ಬೀಗ ಹಾಕಿ, ವಿಷಯದಲ್ಲಿ ‘200 ಚೀಲ ಪಾರ್ಚ್‌ಮೆಂಟ್ ಕಾಫಿ, ಹೊಸ ಖಾತೆ ಸಂಖ್ಯೆ’ ಎಂದು ಬರೆದರೆ ಏನು ಉಳಿಯಿತು? ‘ನಮಸ್ಕಾರ’ ಎಂದಿಡಿ, ಸಾಕು.

ಜಿಮೇಲ್‌ನ ಬರೆಯುವ ಡಬ್ಬದಲ್ಲಿ ಟೈಪ್ ಮಾಡಿ ಆಮೇಲೆ ಎನ್‌ಕ್ರಿಪ್ಟ್ ಮಾಡುವುದೂ ತಪ್ಪು. ನೀವು ಬರೆಯುತ್ತಿದ್ದಂತೆಯೇ ಅದು ಡ್ರಾಫ್ಟ್ ಆಗಿ ಸರ್ವರ್ ಸೇರಿರುತ್ತದೆ. ಮೇಲ್‌ವೆಲೋಪ್ ಗುಂಡಿ ಒತ್ತಿ, ತೆರೆಯುವ ಬೇರೆ ಕಿಟಕಿಯಲ್ಲೇ ಬರೆಯಿರಿ. ಆ ಕಿಟಕಿಯ ಹಿನ್ನೆಲೆಯ ಚಿತ್ತಾರವನ್ನು ನೀವೇ ಆರಿಸಿಕೊಳ್ಳಬಹುದು; ಪಾಸ್‌ವರ್ಡ್ ಕೇಳುವ ಕಿಟಕಿಯಲ್ಲಿ ಆ ಚಿತ್ತಾರ ಇಲ್ಲದಿದ್ದರೆ ಅದು ನಕಲಿ.

ವ್ಯಾಪಾರಿಗಳಿಗೆ ಮುಖ್ಯವಾದದ್ದು ಸಹಿ, ಅಂದರೆ ಪತ್ರ ಇಂಥವರ ಖಾಸಗಿ ಕೀಲಿಯಿಂದಲೇ ಬಂದದ್ದು ಎಂದು ತೋರಿಸುವ ಗುರುತು. ನಿಮ್ಮ ಸಾರ್ವಜನಿಕ ಕೀಲಿ ಯಾರ ಬಳಿ ಇದ್ದರೂ ನಿಮಗೆ ಎನ್‌ಕ್ರಿಪ್ಟ್ ಆದ ಪತ್ರ ಕಳುಹಿಸಬಹುದು. ಮೋಸಗಾರನೂ ಕಳುಹಿಸಬಹುದು. ‘ಹಣವನ್ನು ಇನ್ನು ಈ ಖಾತೆಗೆ ಹಾಕಿ’ ಎಂಬ ಪತ್ರ ಎನ್‌ಕ್ರಿಪ್ಟ್ ಆಗಿದೆ ಎಂದ ಮಾತ್ರಕ್ಕೆ ನಂಬಬೇಡಿ. ಅದರ ಮೇಲೆ ಗೊತ್ತಿರುವ ಕೀಲಿಯ ಸಹಿ ಇರಬೇಕು. ಆ ಕೀಲಿ ಅವರದ್ದೇ ಎಂದು ತಿಳಿಯಲು ಫಿಂಗರ್‌ಪ್ರಿಂಟ್, ಅಂದರೆ ಕೀಲಿಯ ಗುರುತಿನ ಸಂಖ್ಯೆ, ತಾಳೆ ನೋಡಬೇಕು: 40 ಅಂಕಿ–ಅಕ್ಷರ, ನಾಲ್ಕರಂತೆ ಹತ್ತು ಗುಂಪು. ಫೋನಿನಲ್ಲಿ ಅವರು ಓದಲಿ, ನೀವು ನಿಮ್ಮ ಪರದೆಯಲ್ಲಿ ನೋಡಿ. ಎರಡು ನಿಮಿಷದ ಕೆಲಸ, ಒಬ್ಬರಿಗೆ ಒಂದೇ ಸಲ. ಕೀಲಿ ಬಂದ ಮೇಲ್‌ನಲ್ಲಿರುವ ನಂಬರಿಗೆ ಕರೆ ಮಾಡಬೇಡಿ, ಮೊದಲಿಂದ ನಿಮ್ಮಲ್ಲಿರುವ ನಂಬರಿಗೆ ಮಾಡಿ.

ಅತಿಥಿಯ ವಿಳಾಸ ಪ್ರೋಟಾನ್ ಎಂಬ ಮೇಲ್ ಸೇವೆಯದ್ದಾದರೆ ಕೆಲಸ ಸುಲಭ. ವಿಳಾಸ ಬರೆದರೆ ಮೇಲ್‌ವೆಲೋಪ್ ಅವರ ಕೀಲಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಅವರು ನಿಮಗೆ ಕಳುಹಿಸಬೇಕಾದರೆ ಮಾತ್ರ ನಿಮ್ಮ ಸಾರ್ವಜನಿಕ ಕೀಲಿ ಅವರ ಸಂಪರ್ಕ ಪಟ್ಟಿಗೆ ಸೇರಬೇಕು.

ಫೋನಿನಲ್ಲಿ

ಆಂಡ್ರಾಯ್ಡ್‌ನ ಕ್ರೋಮ್‌ಗೆ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ, ಹುಡುಕಬೇಡಿ. ಓಪನ್‌ಕೀಚೈನ್ ಎಂಬ ಆ್ಯಪ್‌ಗೆ ಕೀಲಿ ಹಾಕಿ, ಕೆ–9 ಮೇಲ್ ಅಥವಾ 2024ರ ಅಕ್ಟೋಬರ್‌ನಲ್ಲಿ ಬಂದ ಆಂಡ್ರಾಯ್ಡ್ ಥಂಡರ್‌ಬರ್ಡ್ ಜೊತೆ ಬಳಸಬಹುದು. ಕೀಲಿಯ ಕಡತವನ್ನು ಯುಎಸ್‌ಬಿ ಕೇಬಲ್‌ನಲ್ಲೇ ಫೋನಿಗೆ ದಾಟಿಸಿ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳುಹಿಸಿಕೊಳ್ಳುವುದು ಬೇಡ. ಓಪನ್‌ಕೀಚೈನ್ ಕೀಲಿಯನ್ನು ತೆಗೆದುಕೊಂಡು ಒಂದು ಪರೀಕ್ಷೆಯ ಪತ್ರ ಬಿಡಿಸಿದ ಮೇಲೆ ಡೌನ್‌ಲೋಡ್ಸ್‌ನಲ್ಲಿ ಉಳಿದಿರುವ ಆ ಎಎಸ್‌ಸಿ ಕಡತವನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆಯಿರಿ.